ಗೋದಲಿ: ಖಾಲಿ ತೊಟ್ಟಿಲಿನ ಕಾಯುವಿಕೆ

ಮಂಗಳೂರಿನ ಕೊಂಕಣಿ ಕ್ರೈಸ್ತರಿಗೆ ಕ್ರಿಸ್ಮಸ್ ಎಂದರೆ ‘ನತಾಲಾಂ’. ಪೋರ್ಚುಗೀಸ್ ಮೂಲದ ಮಾತು, ಹುಟ್ಟಿಗೆ ಸಂಬಂಧಿಸಿದ್ದು.

ಡಿಸೆಂಬರ್ ಬಂತೆಂದರೆ ಮನೆಮನೆಯಲ್ಲೂ ಯೇಸುವಿನ ಹುಟ್ಟನ್ನು ತೋರುವ ಗೋದಲಿ ಏಳುತ್ತದೆ: ಹುಲ್ಲಿನ ಮಾಡು, ಮಣ್ಣಿನ ಕುರಿಗಳು, ಡಬ್ಬಿಯಲ್ಲಿ ಮೊಳೆಸಿದ ಪೈರಿನ ಹಸಿರು. ನಡುವಿನ ತೊಟ್ಟಿಲು ಮಾತ್ರ 24ರ ರಾತ್ರಿ ಬಲಿಪೂಜೆಯವರೆಗೆ ಖಾಲಿ. ನೋಡಬೇಕಾದ್ದು ಆ ಖಾಲಿಯನ್ನೇ. ಛತ್ರದಲ್ಲಿ ಜಾಗವಿಲ್ಲದೆ ದನಗಳ ಮೇವಿನ ತೊಟ್ಟಿಯಲ್ಲಿ ಮಲಗಿದ ಕೂಸೇ ಮನುಷ್ಯನಾಗಿ ಬಂದ ದೇವರು ಎಂಬುದು ಕ್ರೈಸ್ತ ನಂಬಿಕೆಯ ಬುಡ.

1784ರಲ್ಲಿ ಟಿಪ್ಪುವಿನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದು, 1799ರ ನಂತರ ಮರಳಿದವರ ಸಂತತಿಯಾದ ಇಲ್ಲಿನ ಅನೇಕ ಕ್ರೈಸ್ತರಿಗೆ ನೆಲೆಯಿಲ್ಲದ ಕುಟುಂಬದ ಈ ಕಥೆ ದೂರದ್ದಲ್ಲ.

ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಚಕ್ಕುಲಿ. ಅದು ಹಿಂದೂ, ಮುಸ್ಲಿಂ ನೆರೆಮನೆಗಳಿಗೂ ಹೋಗುತ್ತದೆ.