ಮುಷ್ಟಿಮಲ್ಲರು: ಹಂಪಿಯಿಂದ ಬಾಕ್ಸಿಂಗ್ ಕಣದವರೆಗೆ

1520ರ ಸುಮಾರಿಗೆ ಹಂಪಿಯ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿನ ಮಲ್ಲಕಾಳಗ ತನ್ನ ನಾಡಿನದರಂತಲ್ಲ ಎಂದು ಬರೆದಿದ್ದಾನೆ. ಹಲ್ಲು ಮುರಿಯುವ, ಕಣ್ಣು ಕಳೆಯುವ, ಮುಖ ವಿಕಾರಗೊಳಿಸುವ ಹೊಡೆತಗಳು ಬೀಳುತ್ತಿದ್ದವು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಕೃಷ್ಣದೇವರಾಯನೇ ಬೆಳಗಿನ ಸಾಧನೆಯಲ್ಲಿ ಮಲ್ಲನೊಬ್ಬನೊಡನೆ ಸೆಣಸುತ್ತಿದ್ದನೆಂದೂ ಅವನು ಹೇಳುತ್ತಾನೆ. ಆದರೆ ಗೆದ್ದ ಒಬ್ಬ ಮಲ್ಲನ ಹೆಸರನ್ನೂ ಬರೆದಿಡಲಿಲ್ಲ. ಇದು ದೊಡ್ಡ ನಷ್ಟ.

ಮೈಸೂರು ದಸರಾದ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚು ಆಯುಧ ತೊಟ್ಟು ಎದುರಾಗುತ್ತಾರೆ. ಮೊದಲ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಇಲ್ಲಿ ಸುತ್ತೂ ಇಲ್ಲ, ಅಂಕವೂ ಇಲ್ಲ.

ಆಧುನಿಕ ಬಾಕ್ಸಿಂಗ್‌ನಲ್ಲಿ ಲೆಕ್ಕವೆಲ್ಲ ದಾಖಲಾಗಿದೆ, ಆದರೂ ಹೋಲಿಕೆ ಸುಲಭವಲ್ಲ. ಜೋ ಲೂಯಿಸ್ 1937ರಿಂದ 1949ರವರೆಗೆ ಹೆವಿವೇಟ್ ಪಟ್ಟದಲ್ಲಿದ್ದು ಅದನ್ನು 25 ಬಾರಿ ಉಳಿಸಿಕೊಂಡ. ರಾಕಿ ಮಾರ್ಸಿಯಾನೊ ಆಡಿದ 49 ಪಂದ್ಯಗಳನ್ನೂ ಗೆದ್ದು 1956ರಲ್ಲಿ ನಿವೃತ್ತನಾದ. 1951ರಲ್ಲಿ ಇಬ್ಬರೂ ಎದುರಾದಾಗ ಮಾರ್ಸಿಯಾನೊ 8ನೇ ಸುತ್ತಿನಲ್ಲೇ ಗೆದ್ದ. ಅಷ್ಟರಿಂದಲೇ ಅವನನ್ನು ಮೇಲೆಂದರೆ ಅನ್ಯಾಯವಾದೀತು: ಆಗ ಲೂಯಿಸ್‌ಗೆ 37 ವರ್ಷ, ಮಾರ್ಸಿಯಾನೊಗೆ 28.