ರಾತ್ರಿ ಒಂಬತ್ತರ ಮಾತ್ರೆ: ಕಿಡ್ನಿ ಕಸಿ, ಕ್ಯಾನ್ಸರ್ ಮತ್ತು ಅಸಾರ್ವಾದ ಒಂದು ಪ್ರಯತ್ನ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ.

ನರೋಡಾದ ನಮ್ಮ ಮನೇಲಿ ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಅಲಾರಂ ಹೊಡೆಯುತ್ತೆ. ಅದು ಭಾವನ ಟ್ಯಾಕ್ರೋಲಿಮಸ್ ಮಾತ್ರೆಯ ಹೊತ್ತು. ಅವರಿಗೆ ಕಿಡ್ನಿ ಕೊಟ್ಟಿದ್ದು ನಮ್ಮ ಅಕ್ಕ. ಹೋದ ತಿಂಗಳು ಭಾವ ವಾಟ್ಸಾಪ್‌ನಲ್ಲಿ ಬಂದ ಮೆಸೇಜ್ ತೋರಿಸಿ, "ಇದರಿಂದ ಕ್ಯಾನ್ಸರ್ ಬರುತ್ತಂತಲ್ಲೋ, ರಾತ್ರಿದು ಬಿಟ್ಟುಬಿಡ್ಲಾ?" ಅಂದ್ರು. ಅಕ್ಕ ಏನೂ ಹೇಳದೆ ಎದ್ದು ಒಳಗೆ ಹೋದಳು. ನಾನು ಓದೋಕೆ ಕೂತೆ.

ಮೆಸೇಜ್ ಪೂರ್ತಿ ಸುಳ್ಳಲ್ಲ. ಅದೇ ಕಷ್ಟ.

1954ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರಿ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದಾಗ ಈ ಪ್ರಶ್ನೆಯೇ ಇರಲಿಲ್ಲ. ಕೊಟ್ಟವನು, ಪಡೆದವನು ಇಬ್ಬರೂ ಏಕರೂಪದ ಅವಳಿಗಳು. ಮೈ ಹೊಸ ಕಿಡ್ನಿಯನ್ನು ತನ್ನದೇ ಅಂದುಕೊಂಡಿತು. ಉಳಿದವರಿಗೆ ಕಸಿ ಮಾಡಬೇಕಾದರೆ ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸಲೇಬೇಕಿತ್ತು. ಅದಕ್ಕೆ ಅರವತ್ತರ ದಶಕದಲ್ಲಿ ಅಝಾಥಯೋಪ್ರಿನ್ ಬಂತು. ಕಸಿ ಬದುಕಿತು. ಆದರೆ 1968ರ ಹೊತ್ತಿಗೆ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ತಂಡದ ರೋಗಿಗಳಲ್ಲಿ ಲಿಂಫೋಮಾ ಕಾಣಿಸತೊಡಗಿತು. ಆ ತಂಡದ ಸರ್ಜನ್ ಇಸ್ರೇಲ್ ಪೆನ್ ಇಂಥ ಪ್ರಕರಣಗಳಿಗಾಗಿಯೇ ಒಂದು ದಾಖಲೆ ಶುರುಮಾಡಿ, ಮುಂದೆ ಸಿನ್ಸಿನಾಟಿಗೆ ಹೋದ ಮೇಲೂ ದಶಕಗಳ ಕಾಲ ನಡೆಸಿದ. ನನ್ನ ಲೆಕ್ಕದಲ್ಲಿ ಈ ಕಥೆಯ ನಿಜವಾದ ನಾಯಕ ಅವನೇ. ತಮ್ಮದೇ ಚಿಕಿತ್ಸೆಯ ಅಡ್ಡಪರಿಣಾಮವನ್ನು ಬಚ್ಚಿಡದೆ ಬರೆದಿಟ್ಟವನು.

ಯಾಕೆ ಹೀಗಾಗುತ್ತೆ? ರಕ್ಷಣಾಶಕ್ತಿ ಅಂದ ಕೂಡಲೇ ನಮ್ಮವರು ಫೈರ್‌ವಾಲ್ ಅಂತಾರೆ. ಪೂರ್ತಿ ಸರಿಯಲ್ಲ. ಅದು ಬಾಗಿಲು ಕಾಯೋದರ ಜೊತೆ ಮನೆಯೊಳಗೂ ಗಸ್ತು ತಿರುಗುತ್ತೆ. ಕೆಟ್ಟ ಜೀವಕೋಶವನ್ನು, ಒಳಗೇ ಅಡಗಿರೋ ಎಪ್ಸ್ಟೀನ್-ಬಾರ್, ಎಚ್‌ಪಿವಿಯಂಥ ವೈರಸ್‌ಗಳನ್ನು ಹತೋಟಿಯಲ್ಲಿಡುತ್ತೆ. ಗಸ್ತು ಕಡಿಮೆಯಾದರೆ ಅವು ತಲೆ ಎತ್ತುತ್ತವೆ. ಅಮೆರಿಕದಲ್ಲಿ 1987ರಿಂದ 2008ರವರೆಗೆ ನಡೆದ 1,75,732 ಕಸಿಗಳನ್ನು ನೋಡಿದ ಅಧ್ಯಯನದಲ್ಲಿ ಕ್ಯಾನ್ಸರ್ ಸಾಮಾನ್ಯ ಜನರಿಗಿಂತ ಸುಮಾರು ಎರಡು ಪಟ್ಟು ಇತ್ತು. ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಇನ್ನೂ ಹೆಚ್ಚು, ನಮ್ಮವರಲ್ಲಿ ಅದು ಕಡಿಮೆ.

1979ರಲ್ಲಿ ಕೇಂಬ್ರಿಜ್‌ನ ರಾಯ್ ಕಾಲ್ನ್ ಸೈಕ್ಲೋಸ್ಪೊರಿನ್ ಕೊಟ್ಟ 34 ರೋಗಿಗಳ ವರದಿ ಕೊಟ್ಟರು. ಅದರಲ್ಲಿ ಮೂವರಿಗೆ ಲಿಂಫೋಮಾ. ಭಾವನ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು 1984ರಲ್ಲಿ. ಔಷಧಿ ತಗ್ಗಿಸಿದರೆ, ನಿಲ್ಲಿಸಿದರೆ ಇಂಥ ಕೆಲವು ಗಡ್ಡೆಗಳು ತಾವಾಗಿಯೇ ಕರಗುತ್ತವೆ ಅಂತ ಸ್ಟಾರ್ಜಲ್ ತಂಡ ತೋರಿಸಿತು. 2005ರಲ್ಲಿ ಇಟಲಿಯ ವೈದ್ಯರು ಕಪೋಸಿ ಸಾರ್ಕೋಮಾ ಬಂದ 15 ಕಿಡ್ನಿ ರೋಗಿಗಳಿಗೆ ಸೈಕ್ಲೋಸ್ಪೊರಿನ್ ಬಿಡಿಸಿ ಸಿರೋಲಿಮಸ್ ಕೊಟ್ಟರು. ಮೂರು ತಿಂಗಳಲ್ಲಿ ಎಲ್ಲರ ಚರ್ಮದ ಗಾಯಗಳೂ ಮಾಯ. ಆದರೆ ಗಮನಿಸಿ: ಇವೆಲ್ಲ ಗಡ್ಡೆ ಬಂದ ಮೇಲೆ, ರಕ್ತಪರೀಕ್ಷೆ ನೋಡ್ತಾ ವೈದ್ಯರು ಮಾಡಿದ್ದು. ಮನೇಲಿ ಅಲಾರಂ ಆಫ್ ಮಾಡಿ ಅಲ್ಲ.

ಮಾತ್ರೆಯೇ ಬೇಡವಾದರೆ? ಈ ಆಸೆಗೆ ನಮ್ಮ ಪಕ್ಕದಲ್ಲೇ ಚರಿತ್ರೆ ಇದೆ. ನರೋಡಾದಿಂದ ಆಟೋ ಹಿಡಿದರೆ ಅಸಾರ್ವಾ ಸಿವಿಲ್ ಆಸ್ಪತ್ರೆಯ ಆವರಣ ದೂರವೇನಲ್ಲ. ಕೆನಡಾದಲ್ಲಿ ನೆಲೆಸಿದ್ದ ಡಾ. ಎಚ್. ಎಲ್. ತ್ರಿವೇದಿ 1977ರಲ್ಲಿ ಅದನ್ನು ಬಿಟ್ಟು ಅಹಮದಾಬಾದಿಗೆ ಬಂದು, 1981ರಲ್ಲಿ ಇಲ್ಲಿ ಕಿಡ್ನಿ ಸಂಸ್ಥೆ ಕಟ್ಟಿದರು. ಕಸಿಗಿಂತ ಕಸಿಯ ನಂತರದ ಜೀವನಪರ್ಯಂತದ ಮಾತ್ರೆ ದೊಡ್ಡ ಭಾರ. ಖರ್ಚು, ಸೋಂಕು, ಕ್ಯಾನ್ಸರ್, ಎಲ್ಲ ಅದರ ಬೆನ್ನಿಗೆ. ಕಿಡ್ನಿ ಕೊಟ್ಟವರ ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ಯಕೃತ್ತಿಗೆ ಹೋಗುವ ರಕ್ತನಾಳದ ಮೂಲಕ ರೋಗಿಗೆ ಕೊಟ್ಟು, ಹೊಸ ಅಂಗವನ್ನು ದೇಹ 'ತನ್ನದು' ಅಂತ ಒಪ್ಪುವಂತೆ ಮಾಡಬಹುದಾ ಅಂತ ಅವರು, ಡಾ. ಅರುಣಾ ವಣಿಕರ್ ಮತ್ತಿತರರು ವರ್ಷಗಟ್ಟಲೆ ದುಡಿದರು. ಔಷಧಿ ಪ್ರಮಾಣ ತಗ್ಗಿಸಲು ಸಾಧ್ಯವಾಯಿತು ಅಂತ ವರದಿ ಮಾಡಿದರು. ಆದರೆ ಅದು ಎಲ್ಲೆಡೆಯ ರೂಢಿ ಚಿಕಿತ್ಸೆ ಆಗಲಿಲ್ಲ. ತ್ರಿವೇದಿಯವರಿಗೆ 2015ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 2ರಂದು ತೀರಿಕೊಂಡರು.

ಇಷ್ಟನ್ನೂ ಒಂದು ಭಾನುವಾರ ಚಹಾ ಕುಡೀತಾ ಭಾವನಿಗೆ ಹೇಳಿದೆ. ಅವರು ಸುಮ್ಮನೆ ಕೇಳಿ, ಮುಂಗೈ ಮೇಲಿನ ಒಂದು ಕಪ್ಪು ಮಚ್ಚೆ ತೋರಿಸಿ, "ಹಾಗಾದ್ರೆ ಇದನ್ನ ಡಾಕ್ಟರ್‌ಗೆ ತೋರಿಸ್ಬೇಕಲ್ವಾ?" ಅಂದ್ರು. ಅಕ್ಕ ಆಗಲೇ ಫೈಲ್ ತರೋಕೆ ಎದ್ದಿದ್ದಳು.