ವಿಚಾರಗಳ ವಿಂಗಡಣೆಯ ಪರಂಪರೆ: ಮುಧೋಳ, ಬನಹಟ್ಟಿ, ಜಮಖಂಡಿಗಳಿಂದ ಮನೋನಕ್ಷೆಯವರೆಗೆ

ಒಂದು ವಿಷಯವನ್ನು ಹಾಳೆಯ ನಡುವೆ ಬರೆದು, ಅದರ ಮುಖ್ಯ ಅಂಶಗಳನ್ನು ಕವಲುಗಳಾಗಿಯೂ ಅವುಗಳ ವಿವರಗಳನ್ನು ಉಪಕವಲುಗಳಾಗಿಯೂ ಸುತ್ತ ಹರಡಿ ತೋರಿಸುವ ಚಿತ್ರಕ್ಕೆ ಮನೋನಕ್ಷೆ ಎನ್ನುತ್ತಾರೆ. ಮೈಂಡ್ ಮ್ಯಾಪ್ ಎಂಬ ಹೆಸರಿನಲ್ಲಿ ಇದನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಟೋನಿ ಬುಝಾನ್ (1942–2019). 1974ರಲ್ಲಿ ಬಿಬಿಸಿ ದೂರದರ್ಶನದಲ್ಲಿ ಬಂದ ಅವರ ಕಾರ್ಯಕ್ರಮ ಮತ್ತು ಅದರ ಜೊತೆಗಿನ ಪುಸ್ತಕದಿಂದ ಈ ವಿಧಾನ ಜಗತ್ತಿನ ಶಾಲೆ-ಕಾಲೇಜುಗಳನ್ನು ಮುಟ್ಟಿತು. ಹೆಸರು ಹೊಸದಾದರೂ ಅದರ ಹಿಂದಿನ ಬೌದ್ಧಿಕ ಕೆಲಸ ಹಳೆಯದು. ಚದುರಿದ ಸಾಮಗ್ರಿಗೆ ಒಂದು ಕೇಂದ್ರ ಹುಡುಕುವುದು, ಯಾವುದು ಯಾವುದರ ಅಡಿಯಲ್ಲಿ ಬರಬೇಕೆಂದು ತೀರ್ಮಾನಿಸುವುದು, ಒಂದರಿಂದ ಇನ್ನೊಂದಕ್ಕೆ ದಾರಿ ಮಾಡುವುದು ಆ ಕೆಲಸದ ತಿರುಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಈ ಕೃಷ್ಣಾ-ಘಟಪ್ರಭಾ ಸೀಮೆಯಲ್ಲಿ ಅದಕ್ಕೆ ಮೂರು ಗಟ್ಟಿ ನಿದರ್ಶನಗಳಿವೆ: ಮುಧೋಳದ ಕವಿ ರನ್ನ, ಬನಹಟ್ಟಿ ಭಾಗದ ವಚನ ತಾಡೋಲೆಗಳು, ಜಮಖಂಡಿಯ ತತ್ತ್ವಜ್ಞಾನಿ ರಾ. ದ. ರಾನಡೆ. ಇವರಾರೂ ಇಂದಿನ ಅರ್ಥದ ಮನೋನಕ್ಷೆ ಬರೆದವರಲ್ಲ. ಆದರೆ ಆ ನಕ್ಷೆಗೆ ಬೇಕಾದ ವಿಂಗಡಣೆಯ ಕೆಲಸವನ್ನು ಮೂರೂ ಕಡೆ ಸ್ಪಷ್ಟವಾಗಿ ಗುರುತಿಸಬಹುದು.

ಹೊರಜಗತ್ತಿನ ಹಿನ್ನೆಲೆ

ಯುರೋಪಿನಲ್ಲಿ ಕವಲು ಚಿತ್ರದ ಮೂಲವನ್ನು ಕ್ರಿ.ಶ. 3ನೆಯ ಶತಮಾನದ ದಾರ್ಶನಿಕ ಪೊರ್ಫಿರಿಯವರೆಗೆ ಒಯ್ಯುತ್ತಾರೆ. ಪದಾರ್ಥಗಳನ್ನು ಸಾಮಾನ್ಯದಿಂದ ವಿಶೇಷಕ್ಕೆ ಎರಡೆರಡಾಗಿ ಒಡೆಯುತ್ತ ಬರುವ ಅವನ ಕ್ರಮವನ್ನು ಮಧ್ಯಯುಗದ ವಿದ್ವಾಂಸರು ಮರದ ಆಕೃತಿಯಲ್ಲಿ ಬರೆದರು. ಮಯೋರ್ಕಾ ದ್ವೀಪದ ರಾಮೋನ್ ಲುಲ್ 1295–96ರಲ್ಲಿ ರಚಿಸಿದ ಜ್ಞಾನವೃಕ್ಷ ಎಂಬ ಗ್ರಂಥದಲ್ಲಿ ಅಂದಿನ ವಿದ್ಯೆಗಳನ್ನೆಲ್ಲ 16 ಮರಗಳಾಗಿ ಹಂಚಿದ. 16ನೆಯ ಶತಮಾನದ ಫ್ರೆಂಚ್ ಪಂಡಿತ ಪೀಟರ್ ರಾಮಸ್ ಪಠ್ಯವಿಷಯಗಳನ್ನು ಆವರಣ ಚಿಹ್ನೆಗಳ ಕವಲುಪಟ್ಟಿಗಳಲ್ಲಿ ಕಲಿಸುವ ರೂಢಿ ಬೆಳೆಸಿದ.

20ನೆಯ ಶತಮಾನದಲ್ಲಿ ಈ ಧಾರೆ ಎರಡಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ 1970ರ ದಶಕದ ಆರಂಭದಲ್ಲಿ ಪರಿಕಲ್ಪನಾ ನಕ್ಷೆಯನ್ನು ರೂಪಿಸಿದರು. ಹೊಸ ತಿಳಿವಳಿಕೆ ಹಳೆಯ ತಿಳಿವಳಿಕೆಗೆ ಅರ್ಥಪೂರ್ಣವಾಗಿ ಜೋಡಣೆಯಾದಾಗಲೇ ಕಲಿಕೆ ನಿಲ್ಲುತ್ತದೆ ಎಂಬ ಡೇವಿಡ್ ಆಸುಬೆಲ್‌ರ ಸಿದ್ಧಾಂತ ಅದಕ್ಕೆ ಆಧಾರ. ಪರಿಕಲ್ಪನಾ ನಕ್ಷೆಯಲ್ಲಿ ಎರಡು ಅಂಶಗಳ ನಡುವಿನ ಗೆರೆಯ ಮೇಲೆ ‘ಕಾರಣವಾಗುತ್ತದೆ’, ‘ಒಳಗೊಂಡಿದೆ’ ಎಂಬಂಥ ಸಂಬಂಧಸೂಚಕ ಪದ ಇರಲೇಬೇಕು. ಕವಲಿನಿಂದ ಕವಲಿಗೆ ಅಡ್ಡ ಜೋಡಣೆಗಳೂ ಇರುತ್ತವೆ. ಬುಝಾನ್ ಅವರ ಮನೋನಕ್ಷೆಯಲ್ಲಿ ಕೇಂದ್ರ ಒಂದೇ. ಪ್ರತಿ ಕವಲಿಗೆ ಒಂದೊಂದು ಪದ, ಬಣ್ಣ ಮತ್ತು ಚಿತ್ರ ಇದ್ದರೆ ಸಾಕು.

ರನ್ನನ ಸಿಂಹಾವಲೋಕನ

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಬೆಳುಗಲಿ ನಾಡಿನ ಮುದುವೊಳಲು ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆತನದಲ್ಲಿ. ಅಜಿತಸೇನಾಚಾರ್ಯರ ಶಿಷ್ಯನಾಗಿ ಕಲಿತು, ಚಾವುಂಡರಾಯ ಮತ್ತು ಅತ್ತಿಮಬ್ಬೆಯರ ಆಶ್ರಯ ಪಡೆದು, ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದ. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಈ ಕವಿಯ ಇನ್ನೊಂದು ಮಹಾಕೃತಿ ಸಾಹಸಭೀಮವಿಜಯ ಅಥವಾ ಗದಾಯುದ್ಧ.

ಪಂಪ 941ರಲ್ಲಿ ವಿಕ್ರಮಾರ್ಜುನವಿಜಯವನ್ನು 14 ಆಶ್ವಾಸಗಳಲ್ಲಿ ಬರೆದು ಭಾರತದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿದ. ಅದರ 13ನೆಯ ಆಶ್ವಾಸದ ವಸ್ತುವನ್ನೇ ರನ್ನ ಎತ್ತಿಕೊಂಡು ಹತ್ತು ಆಶ್ವಾಸಗಳ ಕಾವ್ಯವಾಗಿ ಬೆಳೆಸಿದ. ಯುದ್ಧದ ಕೊನೆಯ ಘಟ್ಟವೇ ಅವನ ಕೇಂದ್ರ. ಉಳಿದ ಭಾರತವೆಲ್ಲ ಅಲ್ಲಿಂದ ಹಿಂತಿರುಗಿ ನೋಡಿದಾಗ ಕಾಣಿಸುತ್ತದೆ. ಸಿಂಹಾವಲೋಕನ ಕ್ರಮ ಎಂದು ಪ್ರಸಿದ್ಧವಾದ ತಂತ್ರ ಇದು.

ಈ ಕ್ರಮದ ಕೆಲಸ ಚೆನ್ನಾಗಿ ಕಾಣುವುದು ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆಯುವ ಭಾಗದಲ್ಲಿ. ಅವನು ಭೀಷ್ಮನನ್ನು ಕಾಣಲು ಹೊರಟಿದ್ದಾನೆ. ದಾರಿಯಲ್ಲಿ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಇವರ ಕಳೇಬರಗಳು ಒಂದೊಂದಾಗಿ ಎದುರಾಗುತ್ತವೆ. ಒಂದೊಂದು ದೇಹದ ಮುಂದೆ ನಿಂತಾಗಲೂ ಆ ವ್ಯಕ್ತಿಯೊಡನೆ ತಳುಕು ಹಾಕಿಕೊಂಡ ಹಿಂದಿನ ಘಟನೆ, ಋಣ, ಪಶ್ಚಾತ್ತಾಪ ತೆರೆದುಕೊಳ್ಳುತ್ತದೆ. ಹದಿನೇಳು ದಿನಗಳ ಯುದ್ಧವನ್ನು ದಿನದ ಲೆಕ್ಕದಲ್ಲಿ ಹೇಳದೆ ವ್ಯಕ್ತಿಗಳ ಸುತ್ತ ಹಂಚಿ ಹೇಳಿದ್ದರಿಂದ ಒಬ್ಬ ದುರ್ಯೋಧನನ ನಡಿಗೆಯಲ್ಲಿ ಇಡೀ ಕಥೆ ಅಡಕವಾಯಿತು. ವಿಸ್ತಾರವಾದ ಪಾಠವನ್ನು ಒಂದು ಹಾಳೆಗೆ ತರುವ ವಿದ್ಯಾರ್ಥಿಯ ಮುಂದೆಯೂ ಇಂಥದೇ ಪ್ರಶ್ನೆ ಇರುತ್ತದೆ: ಯಾವುದನ್ನು ನಡುವೆ ಇಟ್ಟರೆ ಉಳಿದದ್ದೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ?

ಷಟ್‌ಸ್ಥಲ: ಕವಲಿನ ಶಾಸ್ತ್ರ

ಕನ್ನಡದಲ್ಲಿ ವಿಚಾರಗಳನ್ನು ಕವಲುಕ್ರಮದಲ್ಲಿ ಜೋಡಿಸಿದ ಅತಿ ದೊಡ್ಡ ಪ್ರಯತ್ನ ವಚನಗಳ ಸ್ಥಲಕಟ್ಟು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಸಾಧಕನ ಆರು ನೆಲೆಗಳು. ಒಂದೊಂದರಲ್ಲೂ ಉಳಿದವು ಬೆರೆತಿವೆ ಎಂದು ಎಣಿಸಿದಾಗ 36, ಮತ್ತೆ ಒಡೆದಾಗ 216 ಸ್ಥಲಗಳಾಗುತ್ತವೆ. ಇನ್ನೊಂದು ಸಂಪ್ರದಾಯವಾದ ಏಕೋತ್ತರಶತಸ್ಥಲದಲ್ಲಿ ಒಟ್ಟು 101. ಅವುಗಳಲ್ಲಿ ಅಂಗಸ್ಥಲಗಳು 44, ಲಿಂಗಸ್ಥಲಗಳು 57. ಅಂಗಸ್ಥಲಗಳ ಹಂಚಿಕೆಯೂ ನಿಶ್ಚಿತ: ಭಕ್ತನಿಗೆ 15, ಮಹೇಶನಿಗೆ 9, ಪ್ರಸಾದಿಗೆ 7, ಪ್ರಾಣಲಿಂಗಿಗೆ 5, ಶರಣನಿಗೆ 4, ಐಕ್ಯನಿಗೆ 4. ಭಕ್ತಸ್ಥಲದ ಕವಲು ಪಿಂಡಸ್ಥಲದಿಂದ ತೊಡಗಿ ಪಿಂಡಜ್ಞಾನ, ಸಂಸಾರಹೇಯ, ಗುರುಕಾರುಣ್ಯ, ಲಿಂಗಧಾರಣಗಳ ಮೂಲಕ ಮುಂದುವರಿಯುತ್ತದೆ.

15ನೆಯ ಶತಮಾನದ ವಿಜಯನಗರ ಕಾಲದ ಸಂಕಲನಕಾರರಿಗೆ ಈ ಚೌಕಟ್ಟು ಬಹಳ ಉಪಯೋಗಕ್ಕೆ ಬಂತು. ಬೇರೆ ಬೇರೆ ಶರಣರ ಬಿಡಿ ವಚನಗಳನ್ನು ಅವರು ಸ್ಥಲದ ಹೆಸರಿನಡಿ ಒಟ್ಟುಗೂಡಿಸಿದರು. ತೋಂಟದ ಸಿದ್ಧಲಿಂಗ ಯತಿಗಳು ತಮ್ಮ 701 ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತವನ್ನು ಇದೇ ಕ್ರಮದಲ್ಲಿ ಹೊಂದಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯ ಮಾತ್ರ ಶೂನ್ಯಸಂಪಾದನೆಯಲ್ಲಿ ಬೇರೆ ದಾರಿ ಹಿಡಿದ. ಅಲ್ಲಿ ಅಲ್ಲಮಪ್ರಭು ಕೇಂದ್ರದಲ್ಲಿದ್ದು, ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿ ಮೊದಲಾದವರ ವಚನಗಳು ಅವನೊಡನೆ ನಡೆದ ಸಂವಾದಗಳಾಗಿ ಜೋಡಣೆಗೊಂಡಿವೆ. ಒಂದೇ ಸಾಮಗ್ರಿಯನ್ನು ವಿಷಯದ ಸುತ್ತ ಜೋಡಿಸಿದಾಗ ಶಾಸ್ತ್ರವಾಯಿತು, ವ್ಯಕ್ತಿಯ ಸುತ್ತ ಜೋಡಿಸಿದಾಗ ನಾಟಕೀಯ ಕಥನವಾಯಿತು.

ಸ್ಥಲಕಟ್ಟನ್ನು ಮನೋನಕ್ಷೆಯೊಂದಿಗೆ ಸಮೀಕರಿಸುವಂತಿಲ್ಲ. ಸ್ಥಲಗಳು ಒಂದರ ಮೇಲೊಂದು ಏರುವ ಸಾಧನೆಯ ಮೆಟ್ಟಿಲುಗಳೂ ಹೌದು. ಮನೋನಕ್ಷೆಯ ಕವಲುಗಳಿಗೆ ಅಂಥ ಏರುಕ್ರಮವಿಲ್ಲ. ಆದರೆ ಒಂದು ಮಾತನ್ನು ಅದರ ನೆಲೆಯಲ್ಲಿಟ್ಟು ಓದಿದರೆ ಅರ್ಥ ಬೆಳಗುತ್ತದೆ ಎಂಬ ತಿಳಿವಳಿಕೆ ಎರಡಕ್ಕೂ ಸಮಾನ.

ಬನಹಟ್ಟಿಯ ತಾಡೋಲೆ ಮತ್ತು ಹಳಕಟ್ಟಿ

ಧಾರವಾಡದಲ್ಲಿ 1880ರ ಜುಲೈ 2ರಂದು ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರಿಗೆ ವಚನ ಸಾಹಿತ್ಯದ ದಾರಿ ತೆರೆದದ್ದರಲ್ಲಿ ರಬಕವಿ-ಬನಹಟ್ಟಿಯ ಪಾತ್ರ ದೊಡ್ಡದು. 1903ರ ಸುಮಾರಿಗೆ ಅವರು ಅಲ್ಲಿನ ಮಂಚಾಲೆ ಮನೆತನದವರ ಸಂಗ್ರಹದಲ್ಲಿ ಷಟ್‌ಸ್ಥಲ ತಿಲಕ, ಪ್ರಭುದೇವರ ವಚನ ಮೊದಲಾದ ತಾಡೋಲೆಗಳನ್ನು ಕಂಡರು. ಮುಂದಿನ ಎರಡು ದಶಕ ಅವರು ಊರೂರು ತಿರುಗಿ ಓಲೆಗಳನ್ನು ಕಲೆಹಾಕಿದರು.

ತಾಡೋಲೆಯ ಬರಹದಲ್ಲಿ ಪದಗಳ ನಡುವೆ ಬಿಡುವಿಲ್ಲ. ಸಾಲು ಓಲೆಯ ಅಂಚಿನವರೆಗೆ ಓಡುತ್ತದೆ. ಒಂದು ವಚನ ಎಲ್ಲಿ ಮುಗಿಯಿತು, ಅದು ಯಾರದು ಎಂಬುದಕ್ಕೆ ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬಂಥ ಅಂಕಿತಗಳೇ ಗುರುತು. ಹೀಗೆ ಓದಿ, ಬಿಡಿಸಿ, ನಕಲು ಮಾಡಿಕೊಂಡ ವಚನಗಳನ್ನು ಹಳಕಟ್ಟಿಯವರು ವಿಷಯಕ್ಕೆ ಅನುಸಾರವಾಗಿ ಬೇರ್ಪಡಿಸಿ, ಷಟ್‌ಸ್ಥಲದ ಚೌಕಟ್ಟಿನಲ್ಲಿ ಹೊಂದಿಸಿ, 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾದ ವಚನಶಾಸ್ತ್ರಸಾರದ ಮೊದಲ ಭಾಗವಾಗಿ ಹೊರತಂದರು. 1925ರಲ್ಲಿ ಮನೆ ಮಾರಿದ ಹಣದಿಂದ ಹಿತಚಿಂತಕ ಮುದ್ರಣಾಲಯ ಕಟ್ಟಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಅವರು ಸಂಗ್ರಹಕ್ಕೆ ನಿಲ್ಲದೆ ವಿಂಗಡಣೆಗೂ ಇಳಿದದ್ದರಿಂದಲೇ ವಚನಗಳು ಸಾಮಾನ್ಯ ಓದುಗರಿಗೆ ಒಂದು ವಿಚಾರವ್ಯವಸ್ಥೆಯಾಗಿ ದಕ್ಕಿದವು. ಮುಂದೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ವಚನಕಾರರ ಹೆಸರಿನ ಕ್ರಮ ಅನುಸರಿಸಿತು. ಒಬ್ಬ ಶರಣನ ವ್ಯಕ್ತಿತ್ವ ಅರಿಯಲು ಈ ಕ್ರಮ ಒಳ್ಳೆಯದು. ಒಂದು ವಿಚಾರದ ಬಗ್ಗೆ ಹಲವು ಶರಣರ ಮಾತು ಹೋಲಿಸಲು ಹಳಕಟ್ಟಿಯವರ ಕ್ರಮವೇ ಅನುಕೂಲ.

ಜಮಖಂಡಿಯ ರಾನಡೆ

ಗುರುದೇವ ರಾನಡೆ ಎಂದು ಹೆಸರಾದ ರಾಮಚಂದ್ರ ದತ್ತಾತ್ರೇಯ ರಾನಡೆ 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿ, ಪಟವರ್ಧನ ಸಂಸ್ಥಾನದ ಆ ಊರಿನ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿದರು. 1926ರಲ್ಲಿ ಪ್ರಕಟವಾದ ಅವರ ಉಪನಿಷತ್ ತತ್ತ್ವಶಾಸ್ತ್ರದ ರಚನಾತ್ಮಕ ಸಮೀಕ್ಷೆ ವಿಂಗಡಣೆಯ ದೃಷ್ಟಿಯಿಂದ ಗಮನಾರ್ಹ. ಒಂದೊಂದು ಉಪನಿಷತ್ತನ್ನು ಬಿಡಿಬಿಡಿಯಾಗಿ ವ್ಯಾಖ್ಯಾನಿಸುವ ರೂಢಿ ಬಿಟ್ಟು, ಸೃಷ್ಟಿ, ಮನಸ್ಸು, ಪರತತ್ತ್ವ, ನೀತಿ, ಆತ್ಮಸಾಕ್ಷಾತ್ಕಾರ ಮುಂತಾದ ಸಮಸ್ಯೆಗಳನ್ನು ಮುಂದಿಟ್ಟು, ಒಂದೊಂದರ ಅಡಿಯಲ್ಲಿ ಬೇರೆ ಬೇರೆ ಉಪನಿಷತ್ತುಗಳ ಮಾತುಗಳನ್ನು ಅವರು ತಂದು ಕೂಡಿಸಿದರು. ಅವರ ನಿಧನಾನಂತರ, 1960ರಲ್ಲಿ ಬಂದ ಕನ್ನಡ ಸಾಹಿತ್ಯದ ಪರಮಾರ್ಥ ಮಾರ್ಗವನ್ನು ಕುರಿತ ಇಂಗ್ಲಿಷ್ ಗ್ರಂಥದಲ್ಲಿಯೂ ಶರಣರು ಮತ್ತು ದಾಸರ ಮಾತುಗಳು ಸಾಧನೆಯ ವಿಷಯಗಳಿಗೆ ತಕ್ಕಂತೆ ಒಟ್ಟಾಗಿವೆ.

ತರಗತಿಯ ಬಳಕೆ

ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಕಲಿಕೆಯನ್ನು ಚಿತ್ರರೂಪದಲ್ಲಿ ತೋರಿಸುವ ಪದ್ಧತಿಗೆ ನಲಿಕಲಿ ಮುಖ್ಯ ಮಾದರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಕ್ರಮದಲ್ಲಿ ಮಗು ತಾನು ಎಲ್ಲಿದ್ದೇನೆ ಎಂಬುದನ್ನು ಕಲಿಕಾ ಏಣಿಯ ಚಿತ್ರಗಳಿಂದ ತಾನೇ ಗುರುತಿಸುತ್ತದೆ. ಪ್ರೌಢಶಾಲೆಯ ಹಂತಕ್ಕೆ ಬಂದಾಗ ಮನೋನಕ್ಷೆ ಹೆಚ್ಚು ಪ್ರಯೋಜನಕಾರಿ.

ಮುಧೋಳ ತಾಲ್ಲೂಕಿನ ಹಲಗಲಿ ಬೇಡರ ದಂಗೆ ಇದಕ್ಕೆ ತಕ್ಕ ಪಾಠ. ಹಾಳೆಯ ನಡುವೆ ‘ಹಲಗಲಿ, 1857’ ಎಂದು ಬರೆದು ಐದು ಕವಲು ತೆಗೆಯಬಹುದು. ಕಾರಣದ ಕವಲಿನಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ, ಆಯುಧದೊಂದಿಗೆ ಬೇಡರಿಗಿದ್ದ ನಂಟು. ಜನರ ಕವಲಿನಲ್ಲಿ ಹನುಮ, ಬಾಲ, ಜಡಗ, ರಾಮ. ಘಟನೆಯ ಕವಲಿನಲ್ಲಿ ನವೆಂಬರ್ ಕೊನೆಯಲ್ಲಿ ಊರಿನ ಮೇಲೆ ನಡೆದ ದಾಳಿ ಮತ್ತು ಬೆಂಕಿ. ಪರಿಣಾಮದ ಕವಲಿನಲ್ಲಿ ಡಿಸೆಂಬರ್‌ನಲ್ಲಿ ಸೆರೆಸಿಕ್ಕವರಿಗಾದ ಗಲ್ಲು. ಆಕರದ ಕವಲಿನಲ್ಲಿ ಜಾನ್ ಫ್ಲೀಟ್ ಸಂಗ್ರಹಿಸಿದ ಲಾವಣಿ. ಕಾರಣದಿಂದ ಪರಿಣಾಮಕ್ಕೆ, ಆಕರದಿಂದ ಜನರಿಗೆ ಅಡ್ಡಗೆರೆ ಎಳೆದು ಅವುಗಳ ಮೇಲೆ ಸಂಬಂಧ ಬರೆದರೆ ಇದೇ ಪರಿಕಲ್ಪನಾ ನಕ್ಷೆಯತ್ತ ಸಾಗುತ್ತದೆ. ಇತಿಹಾಸ ಮತ್ತು ಕನ್ನಡ ಎಂಬ ಎರಡು ವಿಷಯಗಳು ಒಂದೇ ಹಾಳೆಯಲ್ಲಿ ಸೇರುವುದು ಈ ಉದಾಹರಣೆಯ ಲಾಭ.

ಫಲ ಮತ್ತು ಮಿತಿ

ಮನೋನಕ್ಷೆಯ ಪರಿಣಾಮವನ್ನು ಅಳೆದ ಅಧ್ಯಯನಗಳು ಹಿತಮಿತವಾದ ಭರವಸೆ ಕೊಡುತ್ತವೆ. 2002ರಲ್ಲಿ ಪೌಲ್ ಫ್ಯಾರಂಡ್ ಮತ್ತು ಸಂಗಡಿಗರು 50 ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮನೋನಕ್ಷೆ ಬಳಸಿದವರ ನೆನಪು ಒಂದು ವಾರದ ಬಳಿಕವೂ ತುಸು ಮೇಲಿತ್ತು. ಆದರೆ ತಮಗೆ ರೂಢಿಯಿದ್ದ ಓದುವ ವಿಧಾನ ಬಿಡಬೇಕಾಗಿ ಬಂದವರ ಉತ್ಸಾಹ ಕಡಿಮೆಯಿತ್ತು. 2011ರಲ್ಲಿ ಅಮೆರಿಕದ ಜೆಫ್ರಿ ಕಾರ್ಪಿಕ್ ಮತ್ತು ಜನೆಲ್ ಬ್ಲಂಟ್ ಪ್ರಕಟಿಸಿದ ಸಂಶೋಧನೆಯಲ್ಲಿ, ಪುಸ್ತಕ ತೆರೆದಿಟ್ಟು ಪರಿಕಲ್ಪನಾ ನಕ್ಷೆ ಬರೆದವರಿಗಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಹೆಚ್ಚು ಕಲಿತಿದ್ದರು. ಆದ್ದರಿಂದ ನಕ್ಷೆಯನ್ನು ನೋಡಿಕೊಂಡು ಬರೆಯುವುದು ಮೊದಲ ಹಂತ ಮಾತ್ರ. ಮರುದಿನ ಅದನ್ನು ಮುಚ್ಚಿಟ್ಟು ನೆನಪಿನಿಂದ ಮತ್ತೆ ಬರೆದು, ಬಿಟ್ಟುಹೋದ ಕವಲನ್ನು ಹೋಲಿಸಿ ತುಂಬುವುದು ಎರಡನೆಯ ಹಾಗೂ ಹೆಚ್ಚು ಮುಖ್ಯವಾದ ಹಂತ.

ಶಿಕ್ಷಕರು ಕರಿಹಲಗೆಯ ಮೇಲೆ ಬರೆದುಕೊಟ್ಟ, ಗೈಡುಗಳಲ್ಲಿ ಅಚ್ಚಾಗಿ ಬರುವ ಸಿದ್ಧ ನಕ್ಷೆಗಳನ್ನು ನಕಲು ಮಾಡುವುದರಿಂದ ವಿದ್ಯಾರ್ಥಿಗೆ ಸಿಗುವುದು ಅಲ್ಪ. ರನ್ನ ತನ್ನ ಕೇಂದ್ರವನ್ನು ತಾನೇ ಆರಿಸಿದ. ಹಳಕಟ್ಟಿಯವರು ಓಲೆ ಓಲೆಯನ್ನು ಓದಿ ವಚನದ ನೆಲೆಯನ್ನು ತಾವೇ ನಿರ್ಧರಿಸಿದರು. ರಾನಡೆಯವರು ಪ್ರಶ್ನೆಗಳನ್ನು ತಾವೇ ಕಟ್ಟಿಕೊಂಡು ಉತ್ತರ ಹುಡುಕಿದರು. ಯಾವುದು ಯಾವುದರ ಅಡಿಯಲ್ಲಿ ಬರಬೇಕು ಎಂಬ ತೀರ್ಮಾನದಲ್ಲಿಯೇ ಕಲಿಕೆ ನಡೆಯುತ್ತದೆ. ಆ ತೀರ್ಮಾನವನ್ನು ವಿದ್ಯಾರ್ಥಿಗೆ ಬಿಟ್ಟುಕೊಡುವ ಶಾಲೆಯಲ್ಲಿ ಮಾತ್ರ ಮನೋನಕ್ಷೆ ಅಧ್ಯಯನದ ಸಾಧನವಾಗುತ್ತದೆ.